18446744073709551615: ಈ ಸಂಖ್ಯೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಸಂಖ್ಯೆ? ಇದನ್ನು ಓದೋದಾದರೂ ಹೇಗೆ?

64 ಎರಡುಗಳನ್ನು ಸಾಲಾಗಿ ಗುಣಿಸಿ, ಬಂದ ಉತ್ತರದಲ್ಲಿ 1 ಕಳೆಯಿರಿ. ಸಿಗುವುದು ಇದೇ ಸಂಖ್ಯೆ. ಚಿಕ್ಕದಾಗಿ ಬರೆದರೆ 2⁶⁴ − 1. ಒಟ್ಟು 20 ಅಂಕಿ. ನಮ್ಮ ಲೆಕ್ಕದಲ್ಲಿ ಓದಬೇಕಾದರೆ ಉಸಿರು ಎಳೆದುಕೊಳ್ಳಿ: ಒಂದು ಲಕ್ಷ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ನಲವತ್ತನಾಲ್ಕು ಲಕ್ಷ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷ ಐವತ್ತೊಂದು ಸಾವಿರದ ಆರುನೂರ ಹದಿನೈದು.

0 ಮತ್ತು 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ ಇದು ತುಂಬಾ ಸರಳ. 64 ಒಂದುಗಳು ಸಾಲಾಗಿ ನಿಂತಿರುತ್ತವೆ, ಅಷ್ಟೇ. ಕೆಳಗೆ ಹೇಳುವ ಹೆಚ್ಚಿನ ಗುಣಗಳೆಲ್ಲ ಈ ಒಂದೇ ಸಂಗತಿಯಿಂದ ಬರುತ್ತವೆ. ಒಂದು ಕಡೆ ಮಾತ್ರ ಲೆಕ್ಕ ದಾರಿ ತಪ್ಪುತ್ತದೆ, ನನಗೆ ಇಷ್ಟವಾದ ಜಾಗವೂ ಅದೇ.

ಚದುರಂಗದ ಕಥೆಯ ಸಂಖ್ಯೆ ಇದೇನಾ?

ಇದೇ. ಚದುರಂಗ ಕಂಡುಹಿಡಿದವನು ರಾಜನ ಹತ್ತಿರ ಮೊದಲ ಮನೆಗೆ 1 ಕಾಳು, ಎರಡನೆಯದಕ್ಕೆ 2, ಮೂರನೆಯದಕ್ಕೆ 4, ಹೀಗೆ ಪ್ರತಿ ಮನೆಗೂ ದುಪ್ಪಟ್ಟು ಕೇಳಿದ ಕಥೆ ಎಲ್ಲರಿಗೂ ಗೊತ್ತಲ್ವಾ. 64 ಮನೆಗಳ ಒಟ್ಟು ಮೊತ್ತ 2⁶⁴ − 1. ಒಂದು ಅಕ್ಕಿ ಕಾಳಿಗೆ 25 ಮಿಲಿಗ್ರಾಂ ಅಂತ ಹಿಡಿದರೆ ಸುಮಾರು 46,100 ಕೋಟಿ ಟನ್ ಆಗುತ್ತದೆ. ಇಡೀ ಜಗತ್ತು ಈಗ ವರ್ಷಕ್ಕೆ ಬೆಳೆಯುವ ಅಕ್ಕಿ ಸುಮಾರು 50 ಕೋಟಿ ಟನ್, ಅಂದರೆ 900 ವರ್ಷದ ಬೆಳೆ ಬೇಕು. ಕಥೆ ನಿಜವೋ ಸುಳ್ಳೋ, ಈ ಮೊತ್ತವನ್ನು ಸುಮಾರು 1000 ವರ್ಷದ ಹಿಂದೆಯೇ ಅಲ್ ಬಿರೂನಿ ಎಂಬ ವಿದ್ವಾಂಸ ಲೆಕ್ಕ ಹಾಕಿದ್ದ.

ಮೊತ್ತ ಯಾಕೆ ಹೀಗೆ ಬರುತ್ತದೆ ಅಂದರೆ, 1 + 2 + 4 ಅಂತ ಎಲ್ಲಿಯವರೆಗೆ ಕೂಡಿದರೂ ಉತ್ತರ ಮುಂದಿನ ಮನೆಯ ಕಾಳಿಗಿಂತ ಸರಿಯಾಗಿ ಒಂದು ಕಡಿಮೆ. 1 + 2 + 4 = 7, ಮುಂದಿನ ಮನೆ 8. ಇಲ್ಲದ 65ನೇ ಮನೆಯಲ್ಲಿ 2⁶⁴ ಕಾಳು ಇರಬೇಕಿತ್ತು, ಅದರಲ್ಲಿ 1 ಕಳೆದಿದ್ದೇವೆ.

ಕ್ಯಾಲ್ಕುಲೇಟರ್ ಇಲ್ಲದೆ 64 ಸಲ ಗುಣಿಸಬೇಕಾ?

ಬೇಡ. ಪಿಂಗಳನ ಛಂದಶ್ಶಾಸ್ತ್ರದಲ್ಲೇ ಇದಕ್ಕೆ ಒಳದಾರಿ ಇದೆ. ಶಾಲೆಯಲ್ಲಿ ಲಘು ಗುರು ಹಾಕಿದವರಿಗೆ ನೆನಪಿರಬಹುದು: ಪ್ರತಿ ಅಕ್ಷರ ಒಂದೋ ಲಘು ಇಲ್ಲವೇ ಗುರು, ಹಾಗಾಗಿ ಆರು ಅಕ್ಷರದ ಪಾದಕ್ಕೆ 2⁶ ಅಂದರೆ 64 ಬಗೆಯ ಜೋಡಣೆಗಳು. ಜಾಸ್ತಿ ಅಕ್ಷರ ಇದ್ದಾಗ ಎರಡರ ಘಾತ ಬೇಗ ಸಿಗಬೇಕು ಅಂತ ಪಿಂಗಳ ಹೇಳಿದ ಉಪಾಯ ಹೀಗಿದೆ. ಅಕ್ಷರಗಳ ಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡು, ಬೆಸವಾಗಿದ್ದರೆ ಒಂದು ಕಳೆ. ಆಮೇಲೆ ಹಿಂದಕ್ಕೆ ಬರುವಾಗ ಅರ್ಧ ಮಾಡಿದ ಕಡೆ ವರ್ಗ ಮಾಡು, ಒಂದು ಕಳೆದ ಕಡೆ ದುಪ್ಪಟ್ಟು ಮಾಡು.

64 ಅರ್ಧ ಆಗುತ್ತಾ 32, 16, 8, 4, 2, 1 ಅಂತ ಇಳಿಯುತ್ತದೆ. ಹಿಂದಕ್ಕೆ ಬಂದರೆ 2, 4, 16, 256, 65536, 4294967296, ಕೊನೆಗೆ 18446744073709551616. ಆರು ವರ್ಗ, ಮುಗೀತು. ಕೊನೆಯ ಗುಣಾಕಾರಕ್ಕೆ ಮಾತ್ರ ಒಂದು ಹಾಳೆ, ಸ್ವಲ್ಪ ತಾಳ್ಮೆ ಬೇಕು.

ಇದು ಅವಿಭಾಜ್ಯ ಸಂಖ್ಯೆನಾ?

ಅಲ್ಲ. ಕೊನೆಯ ಅಂಕಿ 5, ಅಲ್ಲಿಗೇ ಗೊತ್ತಾಯಿತು. ಅಂಕಿಗಳನ್ನೆಲ್ಲ ಕೂಡಿದರೆ 87 ಬರುತ್ತದೆ, ಅದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಹಾಗಾಗಿ ನಮ್ಮ ಸಂಖ್ಯೆಯೂ 3ರಿಂದ ಭಾಗವಾಗುತ್ತದೆ, 9ರಿಂದ ಇಲ್ಲ.

ಪೂರ್ತಿ ಬಿಡಿಸಿದರೆ ಏನೇನು ಸಿಗುತ್ತದೆ?

3 × 5 × 17 × 257 × 641 × 65537 × 6700417.

ಏಳು ಅವಿಭಾಜ್ಯಗಳು, ಒಂದೂ ಎರಡು ಸಲ ಬಂದಿಲ್ಲ. ಇದನ್ನು ಕಂಡುಹಿಡಿಯಲು ಹೈಸ್ಕೂಲಿನ ಸೂತ್ರ ಸಾಕು: ಎರಡು ವರ್ಗಗಳ ವ್ಯತ್ಯಾಸ ಅಂದರೆ ಮೊತ್ತ ಗುಣಿಸು ವ್ಯತ್ಯಾಸ. 2⁶⁴ ಅನ್ನೋದು 2³²ರ ವರ್ಗ, 1 ಅನ್ನೋದು 1ರ ವರ್ಗ. ಹಾಗಾಗಿ 2⁶⁴ − 1 = (2³² + 1)(2³² − 1). ಎರಡನೇ ಆವರಣವನ್ನು ಮತ್ತೆ ಹಾಗೇ ಒಡೆಯಬಹುದು, ಅದರೊಳಗಿನದನ್ನೂ ಮತ್ತೆ. ಕೊನೆವರೆಗೆ ಒಡೆದರೆ ಉಳಿಯುವುದು ಇಷ್ಟು: 3, 5, 17, 257, 65537 ಮತ್ತು 4294967297.

ಇವು ಆರಕ್ಕೂ ಫರ್ಮಾ ಸಂಖ್ಯೆಗಳು ಅಂತ ಹೆಸರು: 2¹ + 1, 2² + 1, 2⁴ + 1, 2⁸ + 1, ಹೀಗೆ ಪ್ರತಿ ಸಲ ಘಾತ ದುಪ್ಪಟ್ಟು. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ 3 ಸೊನ್ನೆಯನೆಯದು, 4294967297 ಐದನೆಯದು. ಮೊದಲ ಐದು ಅವಿಭಾಜ್ಯ. ಕೊನೆಯಲ್ಲಿ ಕೂತಿರುವ 4294967297 ಮಾತ್ರ 641 × 6700417 ಅಂತ ಒಡೆದುಹೋಗುತ್ತದೆ.

ಅದೊಂದೇ ಯಾಕೆ ಒಡೆಯುತ್ತದೆ? ಉಳಿದವೆಲ್ಲ ಅವಿಭಾಜ್ಯ ಆಗಿರುವಾಗ?

ಫ್ರಾನ್ಸಿನ ಗಣಿತಜ್ಞ ಫರ್ಮಾ ಕೂಡ ಇದನ್ನೇ ಯೋಚಿಸಿದ್ದು. 1640ರ ಹೊತ್ತಿಗೆ ಈ ಜಾತಿಯ ಸಂಖ್ಯೆಗಳೆಲ್ಲ ಅವಿಭಾಜ್ಯ ಅಂತ ಆತ ನಂಬಿದ್ದ, ಪತ್ರಗಳಲ್ಲಿ ಬರೆದಿದ್ದ. ಅದಕ್ಕೆ ಪುರಾವೆ ಇರಲಿಲ್ಲ. ನಂಬಿಕೆ ಸಹಜವಾಗಿಯೇ ಇತ್ತು, ಯಾಕೆಂದರೆ 3, 5, 17, 257, 65537 ಐದೂ ಸರಿಯಾಗಿಯೇ ಇದ್ದವು. 1732ರಲ್ಲಿ ಗಣಿತಜ್ಞ ಆಯ್ಲರ್ ಬಂದು 4294967297 ಮಾತ್ರ 641ರಿಂದ ಭಾಗವಾಗುತ್ತದೆ ಅಂತ ತೋರಿಸಿದ.

ಆಯ್ಲರ್ ಒಂದೊಂದೇ ಅವಿಭಾಜ್ಯ ಹಿಡಿದು 3, 7, 11 ಅಂತ ಭಾಗಿಸುತ್ತಾ ಕೂರಲಿಲ್ಲ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದರಿಂದ 1 ಕಳೆದರೆ ಉಳಿದದ್ದು 64ರಿಂದ ಭಾಗವಾಗಲೇಬೇಕು ಅಂತ ಆತ ಮೊದಲು ಕಂಡುಕೊಂಡ. ಆ ಜರಡಿ ಹಿಡಿದರೆ ಉಳಿಯುವ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಬಲೆಗೆ ಬಿತ್ತು. 1878ರಲ್ಲಿ ಲ್ಯೂಕಾ ಎಂಬ ಇನ್ನೊಬ್ಬ ಫ್ರೆಂಚ್ ಗಣಿತಜ್ಞ ಜರಡಿಯನ್ನು ಇನ್ನೂ ಬಿಗಿ ಮಾಡಿ, 64ರ ಬದಲು 128 ಅಂದ. ಆಗ 129, 257, 385, 513, 641 ಇಷ್ಟೇ ನೋಡಬೇಕು. ಇದರಲ್ಲಿ 129, 385, 513 ಅವಿಭಾಜ್ಯಗಳೇ ಅಲ್ಲ. 257 ತಾನೇ ಒಂದು ಫರ್ಮಾ ಸಂಖ್ಯೆ, ಎರಡು ಫರ್ಮಾ ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನ ಇರುವುದೇ ಇಲ್ಲ, ಅದೂ ಹೋಯಿತು. ಅಂದರೆ ಪರೀಕ್ಷಿಸಬೇಕಾದ ಮೊದಲ ಸಂಖ್ಯೆಯೇ 641! ಫರ್ಮಾ ಇಷ್ಟು ಹತ್ತಿರ ಇದ್ದೂ ಹೇಗೆ ಬಿಟ್ಟ ಅಂತ ಗಣಿತದವರು ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ.

ಇನ್ನೂ ತಮಾಷೆ ಅಂದರೆ, 65537 ಆದ ಮೇಲೆ ಒಂದೇ ಒಂದು ಅವಿಭಾಜ್ಯ ಫರ್ಮಾ ಸಂಖ್ಯೆಯೂ ಇದುವರೆಗೆ ಸಿಕ್ಕಿಲ್ಲ. 5ರಿಂದ 32ನೆಯದರ ತನಕ ಎಲ್ಲವೂ ಒಡೆಯುವಂಥವೇ ಅಂತ ಗೊತ್ತಾಗಿದೆ. ಎಲ್ಲವೂ ಅವಿಭಾಜ್ಯ ಅಂದಿದ್ದ ಊಹೆ ಪೂರ್ತಿ ತಲೆಕೆಳಗಾಗುವ ಲಕ್ಷಣ ಇದೆ.

641ರಿಂದ ಭಾಗವಾಗುತ್ತದೆ ಅಂತ ಭಾಗಾಕಾರ ಮಾಡದೆ ತೋರಿಸಬಹುದಾ?

ತೋರಿಸಬಹುದು, ನಾಲ್ಕು ಸಾಲು ಸಾಕು. 641ನ್ನು ಎರಡು ರೀತಿ ಬರೆಯಬಹುದು: 641 = 5 × 2⁷ + 1, ಮತ್ತು 641 = 5⁴ + 2⁴ (625 ಮತ್ತು 16 ಕೂಡಿ ನೋಡಿ). ಈಗ 641ರಿಂದ ಭಾಗಿಸಿದಾಗ ಉಳಿಯುವ ಶೇಷ ಮಾತ್ರ ಗಮನಿಸೋಣ. ಮೊದಲನೆಯದರ ಪ್ರಕಾರ 5 × 2⁷ರ ಶೇಷ −1, ಅಂದರೆ 641ಕ್ಕೆ ಒಂದು ಕಡಿಮೆ. ಅದನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1. ಎರಡನೆಯದರ ಪ್ರಕಾರ 5⁴ ಇರುವ ಕಡೆ −2⁴ ಹಾಕಬಹುದು. ಹಾಕಿದರೆ −2³²ರ ಶೇಷ 1 ಅಂತಾಯಿತು, ಅಂದರೆ 2³² + 1ರ ಶೇಷ 0.

ಇಷ್ಟು ಚಿಕ್ಕ ಜಾಗದಲ್ಲಿ ಹತ್ತಂಕಿಯ ಸಂಖ್ಯೆಯೊಂದು ಮುರಿದು ಬೀಳುವುದನ್ನು ನೋಡುವುದೇ ಒಂದು ಖುಷಿ.

6700417 ಇನ್ನೂ ಒಡೆಯುವುದಿಲ್ಲ ಅಂತ ಏನು ಗ್ಯಾರಂಟಿ?

ಒಳ್ಳೆ ಪ್ರಶ್ನೆ. ಲ್ಯೂಕಾನ ಜರಡಿಯನ್ನೇ ಮತ್ತೆ ಬಳಸೋಣ. 6700417ರ ವರ್ಗಮೂಲ 2588ರ ಆಸುಪಾಸು, ಹಾಗಾಗಿ ಅಲ್ಲಿಯವರೆಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಅದರಲ್ಲೂ 128ರ ಮಗ್ಗಿಗೆ 1 ಕೂಡಿದರೆ ಬರುವಂಥವು ಮಾತ್ರ. 257 ಹೇಗೂ ಬಿಟ್ಟು ಹೋಯಿತು. ಉಳಿಯುವವು ನಾಲ್ಕೇ: 641, 769, 1153, 1409. ಭಾಗಿಸಿ ನೋಡಿದರೆ ಶೇಷ ಕ್ರಮವಾಗಿ 44, 120, 334, 622. ಯಾವುದೂ ಸೊನ್ನೆ ಅಲ್ಲ, ಆದ್ದರಿಂದ ಅವಿಭಾಜ್ಯ.

7, 11, 13 ಯಾಕೆ ಪಟ್ಟಿಯಲ್ಲಿ ಇಲ್ಲ?

2ರ ಘಾತಗಳನ್ನು 7ರಿಂದ ಭಾಗಿಸುತ್ತಾ ಹೋದರೆ ಶೇಷ 2, 4, 1, ಮತ್ತೆ 2, 4, 1 ಅಂತ ಸುತ್ತುತ್ತದೆ. ಸುತ್ತಿನ ಉದ್ದ 3. 2⁶⁴ − 1 ಭಾಗವಾಗಬೇಕಾದರೆ 64ನೇ ಘಾತದಲ್ಲಿ ಶೇಷ 1 ಬರಬೇಕು, ಅಂದರೆ ಸುತ್ತಿನ ಉದ್ದ 64ನ್ನು ಭಾಗಿಸಬೇಕು. 3 ಭಾಗಿಸುವುದಿಲ್ಲ, ಹಾಗಾಗಿ 7 ಹೊರಗೆ. 11ರ ಸುತ್ತು 10, 13ರ ಸುತ್ತು 12, ಅವೂ ಹೊರಗೆ. ಒಳಗೆ ಬಂದವರ ಸುತ್ತು ನೋಡಿ: 3ಕ್ಕೆ 2, 5ಕ್ಕೆ 4, 17ಕ್ಕೆ 8, 257ಕ್ಕೆ 16, 65537ಕ್ಕೆ 32, ಕೊನೆಗೆ 641 ಮತ್ತು 6700417 ಎರಡಕ್ಕೂ 64.

ಒಟ್ಟು ಎಷ್ಟು ಭಾಜಕಗಳು? ಇದು ಪರಿಪೂರ್ಣ ಸಂಖ್ಯೆ ಏನಾದರೂ ಆಗುತ್ತಾ?

ಏಳು ಬೇರೆ ಬೇರೆ ಅವಿಭಾಜ್ಯ ಇರುವುದರಿಂದ 2⁷, ಅಂದರೆ 128 ಭಾಜಕಗಳು. ಪರಿಪೂರ್ಣ ಆಗಬೇಕಾದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮ ಆಗಬೇಕು, 6 = 1 + 2 + 3 ಇದ್ದ ಹಾಗೆ. ಇಲ್ಲಿ ಆ ಮೊತ್ತ ಸಂಖ್ಯೆಯ ಸುಮಾರು 70 ಶೇಕಡಾ ಮಾತ್ರ. ದೂರ ಉಳಿಯಿತು.

641 ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತು?

ಒಂದು ಚೆಂದದ ಸಾಲು ಮುಂದುವರಿಯುತ್ತಿತ್ತು. 1ರಿಂದ 15ರವರೆಗೆ 15ರ ಜೊತೆ ಸಾಮಾನ್ಯ ಅಪವರ್ತನ ಇಲ್ಲದ ಸಂಖ್ಯೆಗಳನ್ನು ಎಣಿಸಿ: 1, 2, 4, 7, 8, 11, 13, 14. ಒಟ್ಟು 8, ಅಂದರೆ 16ರ ಅರ್ಧ. 255ಕ್ಕೆ ಇದೇ ಎಣಿಕೆ 128, ಅದು 256ರ ಅರ್ಧ. 65535ಕ್ಕೆ 32768. 4294967295ಕ್ಕೆ 2147483648. ಪ್ರತಿ ಸಲವೂ ಮುಂದಿನ ಸಂಖ್ಯೆಯ ಸರಿಯಾದ ಅರ್ಧ, ಒಂದೂ ಆಚೀಚೆ ಇಲ್ಲ.

ನಮ್ಮ ಸಂಖ್ಯೆಗೂ ಹಾಗೇ ಆಗಿದ್ದರೆ 9223372036854775808 ಬರಬೇಕಿತ್ತು. ನಿಜವಾಗಿ ಬರುವುದು 9208981628670443520. ಹತ್ತಿರ ಇದೆ, ಆದರೆ 14390408184332288 ಕಡಿಮೆ. ಆ ಕೊರತೆಗೆಲ್ಲ 641 ಮತ್ತು ಅದರ ಜೊತೆಗಾರ 6700417 ಕಾರಣ.

ಬಹುಭುಜಗಳಿಗೂ ಇದಕ್ಕೂ ಏನೋ ಸಂಬಂಧ ಇದೆಯಂತೆ?

ಇದೆ. ಬರೀ ಸ್ಕೇಲು ಮತ್ತು ಕೈವಾರ ಹಿಡಿದು ಬದಿ, ಕೋನ ಎಲ್ಲ ಸಮ ಇರುವ ಯಾವ ಬಹುಭುಜಗಳನ್ನು ಬರೆಯಬಹುದು ಅನ್ನೋದು ಹಳೆಯ ಪ್ರಶ್ನೆ. 1796ರಲ್ಲಿ 18 ವರ್ಷದ ಗೌಸ್ 17 ಬದಿಯದನ್ನು ಬರೆಯಬಹುದು ಅಂತ ಕಂಡುಕೊಂಡ. ಬದಿಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧ ಆಗಿರಬೇಕು ಅನ್ನೋದು ನಿಯಮ. ಈಗ ಗೊತ್ತಿರುವ ಐದನ್ನು ಬಳಸಿದರೆ ಅಂಥ ಬೆಸ ಸಂಖ್ಯೆಗಳು 31, ಅತಿ ದೊಡ್ಡದು 4294967295. 18446744073709551615 ಬದಿಗಳದ್ದನ್ನು ಬರೆಯಲು ಸಾಧ್ಯವಿಲ್ಲ. ಅಡ್ಡ ಬಂದದ್ದು ಯಾರು ಅಂತ ಹೇಳಬೇಕಾಗಿಲ್ಲ.

ಇದಕ್ಕೆ ಮೇರು ಪ್ರಸ್ತಾರದಲ್ಲೂ ಒಂದು ಮುಖ ಇದೆ. ಪಾಸ್ಕಲ್ ತ್ರಿಕೋನ ಅಂತ ಶಾಲೆಯಲ್ಲಿ ಕಲಿಯುತ್ತೇವಲ್ಲ, ಅದೇ. ಅದರಲ್ಲಿ ಬೆಸ ಇರುವ ಕಡೆ 1, ಸಮ ಇರುವ ಕಡೆ 0 ಬರೆದು, ಪ್ರತಿ ಸಾಲನ್ನೂ ದ್ವಿಮಾನ ಸಂಖ್ಯೆಯಾಗಿ ಓದಿ. 1, 3, 5, 15, 17, 51, 85, 255 ಅಂತ ಬರುತ್ತದೆ. ಮೊದಲ ಸಾಲಿನ 1ನ್ನು ಬಿಟ್ಟರೆ ಮುಂದಿನ 31 ಸಾಲುಗಳು ಸರಿಯಾಗಿ ಆ 31 ಬಹುಭುಜಗಳು. 64ನೇ ಸಾಲಿನಲ್ಲಿ ಇರುವುದೆಲ್ಲ ಬೆಸ, ಹಾಗಾಗಿ 64 ಒಂದುಗಳು, ಅಂದರೆ ನಮ್ಮ ಸಂಖ್ಯೆಯೇ.

ವರ್ಗಗಳ ಮೊತ್ತವಾಗಿ ಬರೆಯಬಹುದಾ?

ಎರಡು ವರ್ಗಗಳ ಮೊತ್ತವಾಗಿ ಆಗುವುದಿಲ್ಲ, ಮೂರರದ್ದೂ ಆಗುವುದಿಲ್ಲ. 8ರಿಂದ ಭಾಗಿಸಿದಾಗ ಶೇಷ 7 ಉಳಿಯುವ ಯಾವ ಸಂಖ್ಯೆಯೂ ಮೂರು ವರ್ಗಗಳಿಗೆ ಒಗ್ಗುವುದಿಲ್ಲ, ಇದರ ಶೇಷ 7. ನಾಲ್ಕು ವರ್ಗ ಇದ್ದರೆ ಎಲ್ಲ ಸಂಖ್ಯೆಗಳಿಗೂ ಸಾಕು ಅಂತ 1770ರಲ್ಲಿ ಲಗ್ರಾಂಜ್ ಸಾಧಿಸಿದ್ದಾನೆ. ಒಂದು ಉದಾಹರಣೆ ಕೊಡುತ್ತೇನೆ, ಬೇಕಾದರೆ ಪರೀಕ್ಷಿಸಿ:

4294967295² + 92681² + 302² + 275².

20 ಅಂಕಿಯ ಸಂಖ್ಯೆ ಇಷ್ಟು ಸುಲಭವಾಗಿ ಒಡೆದರೆ ಬ್ಯಾಂಕಿನ ಪಾಸ್‌ವರ್ಡ್, ಗುಪ್ತಲಿಪಿ ಎಲ್ಲ ಏನು ಗತಿ?

ಗಾಬರಿ ಬೇಡ. ಇದು ಒಡೆದದ್ದು 64 ಅನ್ನೋ ಘಾತ ಅರ್ಧ ಅರ್ಧ ಆಗುತ್ತಾ ಹೋಗುವುದರಿಂದ. ಪಕ್ಕದ 2⁶⁷ − 1 ನೋಡಿ, ಬರೀ ಒಂದು ಅಂಕಿ ಜಾಸ್ತಿ: 147573952589676412927. 67 ಅವಿಭಾಜ್ಯ, ಸೂತ್ರ ಕೈಕೊಡುತ್ತದೆ. 1644ರಲ್ಲಿ ಮರ್ಸೆನ್ ಇದನ್ನು ಅವಿಭಾಜ್ಯ ಅಂದಿದ್ದ. 1876ರಲ್ಲಿ ಅದೇ ಲ್ಯೂಕಾ ಅಲ್ಲ ಅಂತ ತೋರಿಸಿದ, ಆದರೆ ಅಪವರ್ತನ ಯಾವುದು ಅಂತ ಆತನಿಗೂ ಸಿಗಲಿಲ್ಲ. 1903ರಲ್ಲಿ ಅಮೆರಿಕದ ಕೋಲ್ ಅದನ್ನು 193707721 × 761838257287 ಅಂತ ಒಡೆದು ಮುಂದಿಟ್ಟ. ಸಭೆಯಲ್ಲಿ ಒಂದೂ ಮಾತಾಡದೆ ಬೋರ್ಡಿನ ಮೇಲೆ ಗುಣಾಕಾರ ಮಾಡಿ ಹೋಗಿ ಕೂತ ಅನ್ನೋ ಕಥೆ ಗಣಿತದವರ ನಡುವೆ ಇವತ್ತಿಗೂ ಓಡಾಡುತ್ತದೆ. ಗುಪ್ತಲಿಪಿಗೆ ಬಳಸುವುದು ಇಂಥ ಯಾವ ಆಕಾರವೂ ಇಲ್ಲದ, 600ಕ್ಕೂ ಜಾಸ್ತಿ ಅಂಕಿಯ ಸಂಖ್ಯೆಗಳನ್ನು.

ಅಕ್ಕಪಕ್ಕದಲ್ಲಿ ಯಾವ ಅವಿಭಾಜ್ಯಗಳಿವೆ?

ಕೆಳಗೆ 18446744073709551557, ಮೇಲೆ 18446744073709551629. ನಡುವೆ ಒಂದೂ ಇಲ್ಲ. ಇದಕ್ಕೆ 2 ಕೂಡಿದರೆ ಸಿಗುವ 18446744073709551617 ಮುಂದಿನ ಫರ್ಮಾ ಸಂಖ್ಯೆ. 1880ರಲ್ಲಿ 80 ದಾಟಿದ ಲಾಂಡ್ರಿ ಎಂಬಾತ ಅದನ್ನು 274177 × 67280421310721 ಅಂತ ಒಡೆದ. ಆ ವಯಸ್ಸಿನಲ್ಲಿ, ಕೈಯಲ್ಲೇ!

ಹನೋಯ್ ಗೋಪುರದ ಆಟದಲ್ಲೂ ಇದೇ ಬರುತ್ತದಾ?

ಹೌದು. ಮೂರು ಕಂಬಗಳ ನಡುವೆ ಒಂದೊಂದೇ ಬಿಲ್ಲೆ ಸರಿಸುತ್ತಾ, ಚಿಕ್ಕದರ ಮೇಲೆ ದೊಡ್ಡದು ಕೂರದ ಹಾಗೆ, ಇಡೀ ಗೋಪುರವನ್ನು ಇನ್ನೊಂದು ಕಂಬಕ್ಕೆ ಸಾಗಿಸುವ ಆಟ ಅದು. 64 ಬಿಲ್ಲೆ ಇದ್ದರೆ ಕನಿಷ್ಠ ಇಷ್ಟೇ ನಡೆ ಬೇಕು. ಆಟವನ್ನು 1883ರಲ್ಲಿ ಹೊರತಂದವನೂ ಲ್ಯೂಕಾನೇ. ಕಾಶಿಯ ದೇವಸ್ಥಾನದಲ್ಲಿ ಪೂಜಾರಿಗಳು ಚಿನ್ನದ ಬಿಲ್ಲೆ ಸರಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ ಅನ್ನೋದೆಲ್ಲ ಆಟದ ಜೊತೆ ಫ್ರಾನ್ಸಿನಲ್ಲಿ ಕಟ್ಟಿದ ಕಥೆ, ಕಾಶಿಯಲ್ಲಿ ಹುಡುಕಬೇಡಿ. ಸೆಕೆಂಡಿಗೆ ಒಂದು ನಡೆ ಅಂದರೂ ಸುಮಾರು 58,450 ಕೋಟಿ ವರ್ಷ ಹಿಡಿಯುತ್ತದೆ. ವಿಶ್ವಕ್ಕೆ ಈಗ ಆಗಿರುವ ವಯಸ್ಸು ಸುಮಾರು 1,380 ಕೋಟಿ ವರ್ಷ.

ನನ್ನ ಪ್ರೋಗ್ರಾಮಿನ ಲಾಗ್‌ನಲ್ಲಿ ಸುಮ್ನೆ ಈ ಸಂಖ್ಯೆ ಬಂದಿದೆ, ಏನಿದು?

ಬಹುಪಾಲು ಅದು −1. 64 ಬಿಟ್ ಜಾಗದಲ್ಲಿ ಹಿಡಿಯುವ ಅತಿ ದೊಡ್ಡ ಧನ ಸಂಖ್ಯೆ ಇದು. ಸೊನ್ನೆಯಲ್ಲಿ 1 ಕಳೆದರೆ, ಹಳೇ ಸ್ಕೂಟರ್ ಮೀಟರನ್ನು 00000 ಇಂದ ಹಿಂದಕ್ಕೆ ತಿರುಗಿಸಿದಾಗ 99999 ಬಂದ ಹಾಗೆ, ಎಲ್ಲ ಬಿಟ್‌ಗಳೂ 1 ಆಗುತ್ತವೆ. ಎಲ್ಲೋ ಚಿಹ್ನೆ ಇಲ್ಲದ ವೇರಿಯಬಲ್‌ಗೆ ಋಣ ಸಂಖ್ಯೆ ಬಿದ್ದಿದೆ, ಅಲ್ಲಿ ಹುಡುಕಿ.

ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಕೊನೆಯ ಅಂಕಿಗಳು ಸೊನ್ನೆ ಆಗುತ್ತಿವೆಯಲ್ಲ?

ಎಕ್ಸೆಲ್ 15 ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ, ಅದಕ್ಕೇ 18446744073709500000 ಕಾಣುತ್ತದೆ. ಬ್ರೌಸರಿನ ಜಾವಾಸ್ಕ್ರಿಪ್ಟ್ ಕೂಡ 18446744073709552000 ಅಂತ ತೋರಿಸುತ್ತದೆ, ಅಲ್ಲಿ 2⁵³ ದಾಟಿದ ಮೇಲೆ ಪೂರ್ಣಾಂಕಗಳ ಮೇಲೆ ಭರವಸೆ ಇಡುವಂತಿಲ್ಲ. ಮೇಲಿನ ಲೆಕ್ಕಗಳನ್ನು ಪರೀಕ್ಷಿಸಬೇಕಾದರೆ ಪೈಥಾನ್ ಬಳಸಿ, 2**64-1 ಅಂದರೆ ಪೂರ್ತಿ 20 ಅಂಕಿ ಬರುತ್ತದೆ. ಲಿನಕ್ಸ್ ಇದ್ದರೆ ಫ್ಯಾಕ್ಟರ್ ಅನ್ನೋ ಕಮಾಂಡ್ ಏಳೂ ಅವಿಭಾಜ್ಯಗಳನ್ನು ಕಣ್ಣು ಮಿಟುಕಿಸುವುದರೊಳಗೆ ಕೊಡುತ್ತದೆ. ಎಕ್ಸೆಲ್‌ನಲ್ಲೇ ಇಡಬೇಕು ಅನ್ನುವವರು ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿಕೊಳ್ಳಿ, ಆಮೇಲೆ ಮಾಡಿದರೆ ಹೋದ ಅಂಕಿಗಳು ವಾಪಸ್ ಬರುವುದಿಲ್ಲ.